ಟೊಂಕ ಕಟ್ಟಿದವರು, ಹಟಕ್ಕೆ ಬಿದ್ದವರು



ಈ ವಾರ ಶುಭಸಂದೇಶದ ಮಾತಿಗೆ ಬರುವ ಮೊದಲು ಸ್ವಲ್ಪ ಇಂಗ್ಲಿಷ್ ಪಾಠ ಮಾಡಬೇಕಾಗಿದೆ. ಬೇಸರಪಡಬೇಡಿ. ಒಂದು ನುಡಿಗಟ್ಟಿನಿಂದ ನಾನು ಕಲಿತದ್ದನ್ನು ಹೇಳಲು ಬೇರೆ ದಾರಿ ಕಾಣುತ್ತಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ಗುರುಗಳ ಮನೆಯ ಜಗಲಿಯ ಮೇಲೆ ಶನಿವಾರ ಸಂಜೆ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿ.ಯು.ಸಿ.ಗೆ ಬಂದ ಕೂಡಲೇ ಇಂಗ್ಲಿಷಿನ ಮುಂದೆ ಬೆವರುವ ಮಕ್ಕಳು. ನನ್ನ ಇಂಗ್ಲಿಷೂ ಗುರುಮಠದಲ್ಲಿ ತತ್ವಶಾಸ್ತ್ರದ ಪುಸ್ತಕಗಳನ್ನು ಓದಿ ಓದಿ ಬಂದದ್ದೇ ಹೊರತು ಹುಟ್ಟಿನಿಂದ ಬಂದದ್ದಲ್ಲ. ಆದರೂ ತಿಳಿದಷ್ಟು ಹೇಳಿಕೊಡುತ್ತೇನೆ. ಒಂದು ಶನಿವಾರ ಹತ್ತು ನುಡಿಗಟ್ಟುಗಳನ್ನು ಕೊಟ್ಟು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದೆ. ಎಲ್ಲವೂ ಮನಸ್ಸಿನ ಗಟ್ಟಿತನಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಒಂದು ‘ಹೆಲ್-ಬೆಂಟ್’.

ಈ ಮಾತನ್ನು ಬಳಸುವ ಕ್ರಮವನ್ನು ಮಕ್ಕಳಿಗೆ ಹೇಳಿದಂತೆಯೇ ನಿಮಗೂ ಹೇಳುತ್ತೇನೆ. ‘ಹೆಲ್’ ಎಂದರೆ ನರಕ. ‘ಬೆಂಟ್’ ಎಂದರೆ ಬಾಗಿದ, ಒಂದು ಕಡೆಗೆ ವಾಲಿದ. ಬಿಲ್ಲನ್ನು ಬಾಗಿಸುವ ಹಳೆಯ ಇಂಗ್ಲಿಷ್ ಪದದಿಂದ ಅದು ಬಂದಿದೆ. ಎರಡೂ ಸೇರಿದಾಗ, ಏನೇ ಆಗಲಿ, ಯಾರಿಗೆ ಏನೇ ನೋವಾಗಲಿ, ಅಂದುಕೊಂಡದ್ದನ್ನು ಮಾಡಿಯೇ ತೀರುತ್ತೇನೆ ಎಂದು ಹೊರಟಿರುವುದು ಎಂಬ ಅರ್ಥ ಬರುತ್ತದೆ. ನಡುವೆ ಒಂದು ಅಡ್ಡಗೆರೆ ಹಾಕಿ ಬರೆಯುವುದು ರೂಢಿ. ಅದರ ಮುಂದೆ ಇಂದಿನ ಬಳಕೆಯಲ್ಲಿ ಸಾಮಾನ್ಯವಾಗಿ ‘ಆನ್’ ಬರುತ್ತದೆ, ‘ಆನ್’ ಆದ ಮೇಲೆ ಒಂದು ನಾಮಪದ ಅಥವಾ ‘ಇಂಗ್’ನಿಂದ ಮುಗಿಯುವ ಕ್ರಿಯೆ. ‘ಹೀ ಈಸ್ ಹೆಲ್-ಬೆಂಟ್ ಆನ್ ರಿವೆಂಜ್’ ಎಂದರೆ ಸೇಡು ತೀರಿಸಿಕೊಳ್ಳಲೇಬೇಕೆಂದು ಹೊರಟಿದ್ದಾನೆ. ‘ಶೀ ಈಸ್ ಹೆಲ್-ಬೆಂಟ್ ಆನ್ ಸೆಲ್ಲಿಂಗ್ ದ ಲ್ಯಾಂಡ್’ ಎಂದರೆ ಯಾರು ಬೇಡವೆಂದರೂ ಜಮೀನು ಮಾರಿಯೇ ತೀರುತ್ತಾಳೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಆಡುಮಾತಿನಲ್ಲಿ ಹುಟ್ಟಿದ ನುಡಿ ಇದು. 1840ರಲ್ಲಿ ಅಲ್ಲಿನ ಮೇನ್ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಎಡ್ವರ್ಡ್ ಕೆಂಟ್ ಎಂಬವರು ಗೆದ್ದಾಗ, ಅವರ ಪಕ್ಷದವರ ಹಾಡೊಂದರಲ್ಲಿ ‘ಕೆಂಟ್’ ಎಂಬ ಹೆಸರಿಗೆ ಪ್ರಾಸವಾಗಿ ‘ಹೆಲ್-ಬೆಂಟ್’ ಸೇರಿಕೊಂಡು ಪ್ರಸಿದ್ಧವಾಯಿತು. ಚುನಾವಣೆಗೂ ನರಕಕ್ಕೂ ಇರುವ ನಂಟು ಅಂದಿನಿಂದಲೇ ಇತ್ತೋ ಏನೋ!

ಇಷ್ಟು ವ್ಯಾಕರಣ ಕಲಿತರೂ ಮಾತು ಕೈಗೆ ಬಂದಂತಾಗುವುದಿಲ್ಲ. ಏಕೆಂದರೆ ಈ ನುಡಿಗೆ ಒಂದು ಸ್ವಭಾವವಿದೆ. ಆಟಗಾರರ ವಿಷಯದಲ್ಲಿ ಕೆಲವೊಮ್ಮೆ ಲಘುವಾಗಿ ಬಳಸುವುದುಂಟು. ಹೆಚ್ಚಾಗಿ ಮಾತ್ರ ಇದನ್ನು ಹೇಳುವವನ ಹುಬ್ಬು ಗಂಟಿಕ್ಕಿರುತ್ತದೆ. ಅದು ಹೊಗಳಿಕೆಯಲ್ಲ. ಒಬ್ಬನಿಗೆ ಗುಣನಡತೆಯ ಪ್ರಮಾಣಪತ್ರ ಬರೆಯುವಾಗ ಅವನು ‘ಹೆಲ್-ಬೆಂಟ್’ ಎಂದು ಬರೆದರೆ ಅವನಿಗೆ ಕೆಲಸ ಸಿಗಲಾರದು. ನಮ್ಮ ಕನ್ನಡದಲ್ಲಿ ಒಳ್ಳೆಯ ಕೆಲಸಕ್ಕೆ ಹೊರಟವನನ್ನು ‘ಟೊಂಕ ಕಟ್ಟಿ ನಿಂತಿದ್ದಾನೆ’ ಎನ್ನುತ್ತೇವೆ, ‘ಕಂಕಣ ತೊಟ್ಟಿದ್ದಾನೆ’ ಎನ್ನುತ್ತೇವೆ. ಬುದ್ಧಿಮಾತು ಕೇಳದವನನ್ನು ‘ಹಟಕ್ಕೆ ಬಿದ್ದಿದ್ದಾನೆ’ ಎನ್ನುತ್ತೇವೆ. ಗಮನಿಸಿ, ಒಬ್ಬ ನಿಲ್ಲುತ್ತಾನೆ, ಮತ್ತೊಬ್ಬ ಬೀಳುತ್ತಾನೆ. ‘ಹೆಲ್-ಬೆಂಟ್’ ಈ ಎರಡನೆಯದಕ್ಕೆ ಹತ್ತಿರ. ‘ಛಲ’ ಎಂಬ ಇನ್ನೊಂದು ಮಾತಿದೆ. ಅದು ಎರಡೂ ಕಡೆ ಸಲ್ಲುತ್ತದೆ. ಕುಲ ನಾಶವಾಗುವ ತನಕ ಪಟ್ಟು ಬಿಡದ ದುರ್ಯೋಧನನನ್ನು ನಮ್ಮ ಆದಿಕವಿ ಪಂಪ ಛಲಕ್ಕಾಗಿಯೇ ಮೆಚ್ಚಿಕೊಂಡಿದ್ದಾನಲ್ಲ. ಹಾಗಾಗಿ ‘ಛಲ’ ಎಂದುಬಿಟ್ಟರೆ ತೀರ್ಪು ಕೊಡುವ ಕಷ್ಟ ತಪ್ಪುತ್ತದೆ. ಆ ಸುಲಭದ ದಾರಿ ನನಗೂ ಬೇಕಾಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮಕ್ಕಳು ಬರೆದು ತಂದರು. ಒಬ್ಬನು ‘ಆನ್’ ಮರೆತಿದ್ದ. ಒಬ್ಬಳು ಭಕ್ತಿಯಿಂದ ‘ಜೀಸಸ್ ವಾಸ್ ಹೆಲ್-ಬೆಂಟ್ ಆನ್ ಸೇವಿಂಗ್ ಅಸ್’ ಎಂದು ಬರೆದಿದ್ದಳು. ವ್ಯಾಕರಣ ಪೂರ್ತಿ ಸರಿ, ದೈವಶಾಸ್ತ್ರ ಪೂರ್ತಿ ತಪ್ಪು! ನಗುತ್ತಾ ತಿದ್ದಿದೆ. ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುವ ಒಬ್ಬ ಹುಡುಗ ಬರೆದಿದ್ದ: ‘ಮೈ ಫಾದರ್ ಈಸ್ ಹೆಲ್-ಬೆಂಟ್ ಆನ್ ಮೇಕಿಂಗ್ ಮಿ ಆ್ಯನ್ ಎಂಜಿನಿಯರ್.’

ಅಡ್ಡಗೆರೆ ಇದೆ, ‘ಆನ್’ ಇದೆ, ‘ಇಂಗ್’ ಇದೆ, ಎಂಜಿನಿಯರಿನ ಹಿಂದೆ ಬರಬೇಕಾದ ‘ಆ್ಯನ್’ ಕೂಡ ಇದೆ. ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಒಂದು ಸರಿ ಗುರುತು ಹಾಕಿ, ಪಕ್ಕದಲ್ಲಿ ‘ವೆರಿ ಗುಡ್’ ಎಂದು ಬರೆದು ಪುಸ್ತಕ ಮುಚ್ಚಿದೆ.

ಪಾಪನಿವೇದನೆಯ ಪೀಠದಲ್ಲಿ ಇಷ್ಟು ವರ್ಷ ಕುಳಿತವನು ನಾನು. ಜನರು ಒಂದು ಮಾತು ಹೇಳುವಾಗ ಅದರ ಹಿಂದೆ ಇನ್ನೊಂದು ಮಾತು ಬಾಗಿಲ ಬಳಿ ನಿಂತಿರುತ್ತದೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು. ನಾನು ನೋಡಿದ್ದು ‘ಆನ್’ ಇದೆಯೇ ಇಲ್ಲವೇ ಎಂದು ಮಾತ್ರ.

ಹುಡುಗನ ತಂದೆ ಗಾರೆ ಕೆಲಸದ ಮೇಸ್ತ್ರಿ. ನಮ್ಮ ಗುಡಿಯ ಕಾಂಪೌಂಡ್ ಗೋಡೆ ಕಟ್ಟಿದ್ದು ಅವರೇ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು, ಇಂಗ್ಲಿಷ್ ಓದಲು ಬಾರದು. ಆದರೆ ರಾತ್ರಿ ಮಗನ ಪುಸ್ತಕಗಳನ್ನು ತೆರೆದು ಕೆಂಪು ಗುರುತುಗಳನ್ನು ಎಣಿಸುವ ಅಭ್ಯಾಸ ಅವರಿಗಿದೆ. ಸರಿ ಗುರುತು ಎಷ್ಟು, ತಪ್ಪು ಗುರುತು ಎಷ್ಟು ಎಂದು ಲೆಕ್ಕ. ಭಾನುವಾರ ಪೂಜೆ ಮುಗಿದ ಮೇಲೆ ಅದೇ ಪುಸ್ತಕ ಹಿಡಿದು ಬಂದರು. “ಸ್ವಾಮಿ, ಇದಕ್ಕೆ ದೊಡ್ಡದಾಗಿ ರೈಟ್ ಹಾಕಿದ್ದೀರಿ. ‘ಫಾದರ್’ ಅಂತ ಇರೋದು ಗೊತ್ತಾಯ್ತು. ನಿಮ್ಮ ಬಗ್ಗೆಯಾ, ನನ್ನ ಬಗ್ಗೆಯಾ? ಮಗನ್ನ ಕೇಳಿದ್ರೆ ಬಾಯಿ ಬಿಡ್ತಿಲ್ಲ. ಇದರ ಅರ್ಥ ಏನು?” ಎಂದರು.

ಆಗ ಆ ವಾಕ್ಯವನ್ನು ಮೊದಲ ಸಲ ಓದಿದೆ ಎಂದೇ ಹೇಳಬೇಕು. ಹುಡುಗ ಈಚೆಗೆ ಗಾಯನ ವೃಂದಕ್ಕೆ ಬರುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಭೌತಶಾಸ್ತ್ರದಲ್ಲಿ ಎರಡು ಕಿರುಪರೀಕ್ಷೆ ಹೋಗಿತ್ತು. ಎಲ್ಲವೂ ಒಮ್ಮೆಗೇ ನೆನಪಾಯಿತು. ಎದುರಿಗೆ ಮೇಸ್ತ್ರಿ, ಹೆಗಲ ಮೇಲೆ ಟವೆಲ್, ಮುಖದ ತುಂಬ ನಿರೀಕ್ಷೆ. ನಾನು ಹೇಳಿಬಿಟ್ಟೆ: “ನನ್ನನ್ನು ಎಂಜಿನಿಯರ್ ಮಾಡೋಕೆ ಅಪ್ಪ ಟೊಂಕ ಕಟ್ಟಿ ನಿಂತಿದ್ದಾರೆ ಅಂತ ಬರೆದಿದ್ದಾನೆ, ಮೇಸ್ತ್ರಿ.”

ಅವರ ಕಣ್ಣು ತುಂಬಿತು. ಟವೆಲಿನಿಂದ ಒರೆಸಿಕೊಂಡರು. ಪುಸ್ತಕವನ್ನು ಜೋಪಾನವಾಗಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಮನೆಯಲ್ಲಿ ಹೆಂಡತಿಗೆ ತೋರಿಸಿದರಂತೆ. ಮರುದಿನ ಕೆಲಸದ ಜಾಗದಲ್ಲಿ ಜೊತೆಯವರಿಗೆಲ್ಲ ಹೇಳಿದರಂತೆ.

ಮುಂದಿನ ಶನಿವಾರ ಹುಡುಗ ಬಂದ. “ಅಪ್ಪನಿಗೆ ಹಾಗೆ ಹೇಳಿದ್ರಂತೆ, ಫಾದರ್” ಎಂದ. ಅಷ್ಟೇ. ಸಿಟ್ಟಿರಲಿಲ್ಲ. ಆಮೇಲೆ ಅವನು ಬರೆದ ವಾಕ್ಯಗಳಲ್ಲೆಲ್ಲ ‘ಎ ಮ್ಯಾನ್’, ‘ದ ಟೀಮ್’, ‘ಸಮ್ ಪೀಪಲ್’. ಯಾರ ಮನೆಯವರೂ ಅಲ್ಲದ ಜನ. ತಪ್ಪಿಲ್ಲದ, ಜೀವವಿಲ್ಲದ ವಾಕ್ಯಗಳು. ಎಲ್ಲದಕ್ಕೂ ಸರಿ ಗುರುತು ಹಾಕಬೇಕಾಗಿ ಬಂತು.

ಪ್ರಿಯರೇ, ಈಗ ಶುಭಸಂದೇಶಕ್ಕೆ ಬರೋಣ. ಸಾಧಾರಣ ಕಾಲದ 26ನೆಯ ವಾರದ ಮಂಗಳವಾರ ಓದುವ ವಾಚನ ಸಂತ ಲೂಕರ ಒಂಬತ್ತನೆಯ ಅಧ್ಯಾಯದ 51ರಿಂದ 56ರವರೆಗಿನ ವಚನಗಳು. ಪ್ರತಿವರ್ಷ ಬರುವ ವಾಚನವೇ. ಆ ಸಲ ಅದು ನನಗಾಗಿಯೇ ಕಾದು ಕುಳಿತಂತಿತ್ತು. ಬೆಳಗಿನ ಪೂಜೆಗೆ ಏಳೆಂಟು ಮಂದಿ ಇದ್ದರು, ಹೆಚ್ಚಿನವರು ಅಜ್ಜಿಯರು.

ತಾವು ಮೇಲಕ್ಕೆ ಒಯ್ಯಲ್ಪಡುವ ದಿನ ಹತ್ತಿರವಾದಾಗ ಯೇಸು ಜೆರುಸಲೇಮಿಗೆ ಹೋಗಲು ನಿರ್ಧರಿಸಿದರು ಎಂಬುದು ಮೊದಲ ವಚನದ ಸಾರಾಂಶ. ಮೂಲ ಗ್ರೀಕ್ ಭಾಷೆಯಲ್ಲಿ ‘ನಿರ್ಧರಿಸಿದರು’ ಎಂಬ ಒಣಮಾತು ಇಲ್ಲ. ತಮ್ಮ ಮುಖವನ್ನು ಜೆರುಸಲೇಮಿನ ಕಡೆಗೆ ಗಟ್ಟಿಗೊಳಿಸಿದರು, ಸ್ಥಿರಪಡಿಸಿದರು ಎಂದಿದೆ. ಪ್ರವಾದಿ ಯೆಶಾಯನ ಐವತ್ತನೆಯ ಅಧ್ಯಾಯದಲ್ಲಿ ದೇವರ ದಾಸನು ತನ್ನ ಮುಖವನ್ನು ಕಗ್ಗಲ್ಲಿನಂತೆ ಮಾಡಿಕೊಳ್ಳುವುದರ ನೆನಪು ಇದರ ಹಿಂದಿದೆ. ಇಂಗ್ಲಿಷಿನಲ್ಲಿ ‘ಸೆಟ್ ಒನ್ಸ್ ಫೇಸ್ ಲೈಕ್ ಫ್ಲಿಂಟ್’ ಎಂಬ ನುಡಿಗಟ್ಟು ಬಂದದ್ದು ಆ ಯೆಶಾಯನಿಂದಲೇ. ನಮ್ಮ ಹುಡುಗಿ ಯೇಸುವಿನ ಬಗ್ಗೆ ಬರೆಯಬೇಕಾಗಿದ್ದದ್ದು ಇದನ್ನು. ಎರಡೂ ಗಟ್ಟಿ ಮನಸ್ಸಿನ ಮಾತುಗಳೇ. ಆದರೆ ಯೆಶಾಯನ ದಾಸನು ಮುಖವನ್ನು ಕಲ್ಲು ಮಾಡಿಕೊಂಡದ್ದು ಯಾರಿಗೂ ಹೊಡೆಯಲಿಕ್ಕಲ್ಲ. ಹಿಂದಿನ ವಚನ ಓದಿ ನೋಡಿ, ಅವನು ಹೊಡೆಯುವವರಿಗೆ ಬೆನ್ನನ್ನೂ ಗಡ್ಡ ಕೀಳುವವರಿಗೆ ಕೆನ್ನೆಯನ್ನೂ ಕೊಟ್ಟವನು. ತಾನು ಪೆಟ್ಟು ತಿನ್ನಲು ಗಟ್ಟಿಯಾದವನು, ಬೇರೆಯವರಿಗೆ ಪೆಟ್ಟು ಕೊಡಲು ಅಲ್ಲ.

ಮುಂದಿನ ಕಥೆ ನಿಮಗೆ ಗೊತ್ತು. ದಾರಿಯಲ್ಲಿ ಒಂದು ಸಮಾರಿಯ ಗ್ರಾಮ. ಯೇಸು ಜೆರುಸಲೇಮಿಗೆ ಹೊರಟವರೆಂಬ ಕಾರಣಕ್ಕೇ ಆ ಊರಿನವರು ಅವರನ್ನು ಬರಮಾಡಿಕೊಳ್ಳಲಿಲ್ಲ. ಯಕೋಬನಿಗೂ ಯೊವಾನ್ನನಿಗೂ ಸಿಟ್ಟು ನೆತ್ತಿಗೇರಿತು. ಆಕಾಶದಿಂದ ಬೆಂಕಿ ತರಿಸಿ ಊರನ್ನೇ ಸುಟ್ಟುಬಿಡೋಣವೇ ಎಂದರು. ಇವರಿಬ್ಬರೂ ಕೆಟ್ಟವರಲ್ಲ. ಯೇಸುವಿನ ಮೇಲಿನ ಪ್ರೀತಿಗಾಗಿಯೇ, ಯೇಸುವಿನ ಗೌರವಕ್ಕಾಗಿಯೇ ಹಾಗೆಂದರು. ಇವರ ವಿಷಯದಲ್ಲಿ ನಮ್ಮ ನುಡಿಗಟ್ಟನ್ನು ಧಾರಾಳವಾಗಿ ಬಳಸಬಹುದು: ‘ಜೇಮ್ಸ್ ಆ್ಯಂಡ್ ಜಾನ್ ವರ್ ಹೆಲ್-ಬೆಂಟ್ ಆನ್ ಬರ್ನಿಂಗ್ ದ ವಿಲೇಜ್.’ ಯೇಸು ತಿರುಗಿ ನೋಡಿ ಅವರನ್ನು ಗದರಿಸಿದರು. ಆಮೇಲೆ ಲೂಕರು ಒಂದೇ ಒಂದು ಸಣ್ಣ ಮಾತು ಸೇರಿಸುತ್ತಾರೆ. ಇಷ್ಟು ವರ್ಷ ನಾನು ಓದಿ ದಾಟಿಬಿಟ್ಟಿದ್ದ ಮಾತು. ಅವರು ಬೇರೊಂದು ಊರಿಗೆ ಹೋದರಂತೆ.

ಜೆರುಸಲೇಮ್ ಬದಲಾಗಲಿಲ್ಲ, ಹೋಗುವ ದಾರಿ ಬದಲಾಯಿತು. ಮುಖವನ್ನು ಅಷ್ಟು ಗಟ್ಟಿ ಮಾಡಿಕೊಂಡವರು, ಬಾಗಿಲು ಮುಚ್ಚಿದ ಒಂದು ಹಳ್ಳಿಯ ಮುಂದೆ ತಕರಾರಿಲ್ಲದೆ ಪಕ್ಕಕ್ಕೆ ಸರಿದರು.

ಹಟಕ್ಕೆ ಬಿದ್ದವನಿಗೆ ಇದೇ ಆಗದ ಕೆಲಸ. ಅವನಿಗೆ ಗುರಿಯೂ ದಾರಿಯೂ ಒಂದೇ ಆಗಿಬಿಟ್ಟಿರುತ್ತವೆ. ವಿಮೋಚನಾಕಾಂಡದ ಫರೋಹನನ್ನು ನೋಡಿ. ಹತ್ತನೆಯ ಅಧ್ಯಾಯದಲ್ಲಿ ಅವನ ಸ್ವಂತ ಅಧಿಕಾರಿಗಳೇ ಬಂದು, ಆ ಜನರನ್ನು ಕಳುಹಿಸಿಬಿಡಿ, ಈಜಿಪ್ಟ್ ಹಾಳಾಗಿಹೋಗಿದೆ, ಇನ್ನೂ ತಿಳಿಯಲಿಲ್ಲವೇ ಎಂದು ಅಂಗಲಾಚುತ್ತಾರೆ. ಮನೆ ಉರಿಯುತ್ತಿರುವುದು ಮನೆಯವರಿಗೆಲ್ಲ ಕಾಣುತ್ತದೆ, ಯಜಮಾನನೊಬ್ಬನಿಗೆ ಕಾಣುವುದಿಲ್ಲ. ದಮಸ್ಕಸಿನ ದಾರಿಯ ಸೌಲನೂ ಹಾಗೆಯೇ. ಅವನು ಬೀಳುವವರೆಗೂ ತಾನು ಟೊಂಕ ಕಟ್ಟಿ ನಿಂತಿದ್ದೇನೆ ಎಂದೇ ತಿಳಿದಿದ್ದ.

ಗುರುಮಠದಲ್ಲಿ ಓದುವಾಗ ಸಂತ ಥಾಮಸ್ ಅಕ್ವಿನಾಸರ ‘ಸುಮ್ಮಾ’ ಗ್ರಂಥವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಲ್ಲಿ ನಾನೂ ಒಬ್ಬ. ಆ ಮಂಗಳವಾರ ರಾತ್ರಿ ಅದನ್ನು ಮತ್ತೆ ತೆಗೆದೆ. ಕೊನೆಯವರೆಗೂ ಒಳ್ಳೆಯದರಲ್ಲಿ ನಿಲ್ಲುವ ಸದ್ಗುಣದ ಬಗ್ಗೆ ಅವರು ಬರೆಯುತ್ತಾರೆ. ಅದಕ್ಕೆ ಇಬ್ಬರು ವೈರಿಗಳು ಎನ್ನುತ್ತಾರೆ. ಒಂದು ಮೊಂಡುತನ, ನಿಲ್ಲಬೇಕಾದ್ದಕ್ಕಿಂತ ಹೆಚ್ಚು ನಿಲ್ಲುವುದು. ಇನ್ನೊಂದು ಮೆತ್ತಗಿನತನ, ಸ್ವಲ್ಪ ಕಷ್ಟ ಕಂಡ ಕೂಡಲೇ ಒಳ್ಳೆಯದನ್ನು ಕೈಬಿಡುವುದು. ಮೊಂಡುತನ ಎಲ್ಲಿಂದ ಬರುತ್ತದೆ? ಒಣಪ್ರತಿಷ್ಠೆಯ ಹೆಣ್ಣುಮಕ್ಕಳಲ್ಲಿ ಅವಳೂ ಒಬ್ಬಳು ಎಂದು ಇನ್ನೊಂದು ಕಡೆ ಹೇಳುತ್ತಾರೆ. ತನ್ನ ಅಭಿಪ್ರಾಯವೇ ಗೆಲ್ಲಬೇಕೆಂಬ ಆಸೆಯ ಕೂಸು.

ಮೇಸ್ತ್ರಿಯ ತಪ್ಪನ್ನು ಅಳೆಯಲು ಪುಸ್ತಕ ತೆಗೆದವನು ನಾನು. ಓದುತ್ತಾ ಹೋದಂತೆ ಸಿಕ್ಕಿಬಿದ್ದದ್ದು ನಾನೇ. ಮೊಂಡುತನ ಅವರದ್ದಾದರೆ ಮೆತ್ತಗಿನತನ ನನ್ನದು. ಒಬ್ಬ ತಂದೆಯ ಬೇಸರದ ಮುಖ ನೋಡುವ ಅರ್ಧ ನಿಮಿಷದ ಕಷ್ಟಕ್ಕೆ ಹೆದರಿ, ಮಗ ಧೈರ್ಯ ಮಾಡಿ ಬರೆದ ಒಂದೇ ಒಂದು ನಿಜವಾದ ಮಾತನ್ನು ಸುಳ್ಳು ಮಾಡಿದ್ದೆ. ಅದೂ ಹಾಗೆಂದು ಯಾರಿಗೂ ತಿಳಿಯದ ಹಾಗೆ. ಇಂಗ್ಲಿಷ್ ಬಲ್ಲವನು ಬಾರದವನಿಗೆ ಮಾಡಬಹುದಾದ ಮೋಸಗಳಲ್ಲಿ ಇದು ಬಹಳ ಸುಲಭವಾದದ್ದು.

ತಂದೆತಾಯಿಯರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಮಕ್ಕಳ ಒಳ್ಳೆಯದಕ್ಕಾಗಿ ಹಟ ಹಿಡಿಯುವುದೂ ತಪ್ಪೇ, ಸ್ವಾಮಿ? ಸಂತ ಮೋನಿಕಾ ಹಟ ಹಿಡಿಯಲಿಲ್ಲವೇ? ಹಿಡಿದರು. ಆದರೆ ಅವರ ಮಗ ಸಂತ ಅಗಸ್ಟಿನರು ತಮ್ಮ ಆತ್ಮಕಥನದ ಐದನೆಯ ಪುಸ್ತಕದಲ್ಲಿ ಬರೆದದ್ದನ್ನು ಗಮನವಿಟ್ಟು ಓದಬೇಕು. 383ನೆಯ ಇಸವಿಯಲ್ಲಿ ಅಗಸ್ಟಿನರು ಕಾರ್ಥೇಜಿನಿಂದ ರೋಮಿಗೆ ಹೊರಟರು. ಹೋಗಬೇಡ, ಹೋಗುವುದಾದರೆ ನನ್ನನ್ನೂ ಕರೆದುಕೊಂಡು ಹೋಗು ಎಂದು ತಾಯಿ ಹಿಡಿದುಕೊಂಡರು. ಮಗ ಸುಳ್ಳು ಹೇಳಿ, ಸಂತ ಸಿಪ್ರಿಯಾನರ ಸ್ಮಾರಕ ಗುಡಿಯಲ್ಲಿ ತಾಯಿಯನ್ನು ಬಿಟ್ಟು, ರಾತ್ರಿ ಹಡಗು ಹತ್ತಿದ. ಆ ರಾತ್ರಿ ಮೋನಿಕಾ ದೇವರಲ್ಲಿ ಕೇಳಿದ್ದು ಒಂದೇ, ಮಗ ಹಡಗು ಹತ್ತಬಾರದು. ದೇವರು ಅದನ್ನು ಕೊಡಲಿಲ್ಲ. ಏಕೆ ಕೊಡಲಿಲ್ಲ ಎಂಬುದನ್ನು ಅಗಸ್ಟಿನರು ಆಮೇಲೆ ತಿಳಿದುಕೊಂಡರು. ಅವಳು ಯಾವಾಗಲೂ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿ, ಆ ರಾತ್ರಿ ಬೇಡಿದ್ದನ್ನು ದೇವರು ನಿರಾಕರಿಸಿದರು. ರೋಮಿನಿಂದ ಮಿಲಾನ್, ಮಿಲಾನಿನಲ್ಲಿ ಸಂತ ಆಂಬ್ರೋಸರು, 387ರ ಪಾಸ್ಖದಲ್ಲಿ ಜ್ಞಾನಸ್ನಾನ. ಮೋನಿಕಾ ತಮ್ಮ ಜೆರುಸಲೇಮನ್ನು ಬಿಡಲಿಲ್ಲ. ಬಿಡಬೇಕಾಗಿ ಬಂದದ್ದು ಕಾರ್ಥೇಜನ್ನು.

ಮಕ್ಕಳ ಉದ್ಯೋಗದ ವಿಷಯದಲ್ಲಿ ನಮ್ಮ ಧರ್ಮಸಭೆ ಅಸ್ಪಷ್ಟವಾಗಿ ಮಾತಾಡಿಲ್ಲ. 1992ರಲ್ಲಿ ಸಂತ ಎರಡನೆಯ ಜಾನ್ ಪಾಲರು ಹೊರತಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2230ನೆಯ ಸಂಖ್ಯೆಯನ್ನು ತೆರೆದು ನೋಡಿ. ಬೆಳೆದ ಮಕ್ಕಳಿಗೆ ತಮ್ಮ ವೃತ್ತಿಯನ್ನೂ ಜೀವನದ ಹಾದಿಯನ್ನೂ ಆರಿಸಿಕೊಳ್ಳುವ ಹಕ್ಕಿದೆ, ಹೊಣೆಯೂ ಇದೆ. ತಂದೆತಾಯಿಯರ ಸಲಹೆಯನ್ನು ಮಕ್ಕಳು ಮನಸಾರೆ ಕೇಳಬೇಕು. ತಂದೆತಾಯಿಯರು ವೃತ್ತಿಯ ವಿಷಯದಲ್ಲಾಗಲೀ ಮದುವೆಯ ವಿಷಯದಲ್ಲಾಗಲೀ ಬಲವಂತ ಮಾಡಬಾರದು. ಮದುವೆ ಪಾಠಗಳಲ್ಲಿ ಇದನ್ನು ಹೇಳುತ್ತೇವೆ. ಸಿ.ಇ.ಟಿ. ಪರೀಕ್ಷೆಗೆ ಮುಂಚೆ ಹೇಳುವುದಿಲ್ಲ.

ಲೂಕರ ಶುಭಸಂದೇಶದಿಂದ ಇನ್ನೊಂದು ಮಾತು ಹೇಳಿ ಕಥೆಗೆ ಮರಳುತ್ತೇನೆ. ಯೇಸು ಮುಖವನ್ನು ಸ್ಥಿರಪಡಿಸಿದರು ಎನ್ನುವಲ್ಲಿ ಬರುವ ಅದೇ ಗ್ರೀಕ್ ಕ್ರಿಯಾಪದ ಅದೇ ಶುಭಸಂದೇಶದಲ್ಲಿ ಇನ್ನೂ ಎರಡು ಸಲ ಬರುತ್ತದೆ. ಹದಿನಾರನೆಯ ಅಧ್ಯಾಯದಲ್ಲಿ ನರಕದಲ್ಲಿರುವ ಧನಿಕನಿಗೂ ಅಬ್ರಹಾಮನ ಎದೆಗೊರಗಿದ ಲಾಸರನಿಗೂ ನಡುವೆ, ಯಾರೂ ದಾಟಲಾಗದಂತೆ ಸ್ಥಿರವಾಗಿರುವ ಕಂದರಕ್ಕೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಸ್ಥಿರಪಡಿಸು ಎಂದು ಯೇಸು ಪೇತ್ರನಿಗೆ ಹೇಳುವಾಗ. ಒಂದೇ ಗಟ್ಟಿತನ. ಅದು ಮನುಷ್ಯರ ನಡುವೆ ಕಂದರವೂ ಆಗಬಲ್ಲದು, ಇನ್ನೊಬ್ಬನು ಒರಗಿ ನಿಲ್ಲುವ ಗೋಡೆಯೂ ಆಗಬಲ್ಲದು. ಒಂದು ಮನೆಯಲ್ಲಿ ಅದು ಯಾವುದಾಗಿದೆ ಎಂದು ತಿಳಿಯಲು ಗ್ರೀಕ್ ಬೇಕಾಗಿಲ್ಲ. ಗಟ್ಟಿತನ ಯಾರದೋ ಅವರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಆಚೆ ಬದಿಯಲ್ಲಿ ಇರುವವರನ್ನು ಕೇಳಬೇಕು.

ಬುಧವಾರ ಸಂಜೆ ಹುಡುಗನನ್ನು ಕರೆಸಿದೆ. ಅವನಲ್ಲಿ ಕ್ಷಮೆ ಕೇಳಿದೆ. “ಅಪ್ಪನಿಗೆ ನಿಜವಾದ ಅರ್ಥ ಹೇಳಲೇನಪ್ಪಾ?” ಎಂದೆ. ತುಂಬ ಹೊತ್ತು ಚಪ್ಪಲಿಯ ತುದಿಯಿಂದ ನೆಲ ಕೆರೆದ. “ಹೇಳಿ ಫಾದರ್. ಆದ್ರೆ ನಾನೂ ಅಲ್ಲೇ ಇರ್ತೀನಿ” ಎಂದ. ಅವನಿಗೆ ನನಗಿಂತ ಹೆಚ್ಚು ಧೈರ್ಯ.

ಅವರ ಮನೆಗೆ ಹೋದೆವು. ಮೇಸ್ತ್ರಿ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಸಿಮೆಂಟಿನಿಂದ ಬಿರಿದ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ಸುತ್ತಿ ಬಳಸದೆ ಹೇಳಿದೆ. “ಮೇಸ್ತ್ರಿ, ಅವತ್ತು ನಾನು ನಿಮಗೆ ತಪ್ಪು ಅರ್ಥ ಹೇಳಿದೆ. ಟೊಂಕ ಕಟ್ಟಿ ನಿಂತಿದ್ದಾರೆ ಅಂತ ಅಲ್ಲ. ಅಪ್ಪ ಹಟಕ್ಕೆ ಬಿದ್ದಿದ್ದಾರೆ ಅಂತ ಬರೆದಿದ್ದಾನೆ. ಅವನು ಬರೆದದ್ದು ಸರಿ. ನಾನು ಹೇಳಿದ್ದು ಸುಳ್ಳು.”

ಅವರು ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಎರಡೂ ಕೈಗೆ ಹಚ್ಚಿ ಮುಗಿಸಿದರು. ಆಮೇಲೆ ಮಗನ ಕಡೆ ನೋಡದೆ ನನಗೆ ಒಂದು ಹಳೆಯ ಸಂಗತಿ ಹೇಳಿದರು. ಎಷ್ಟೋ ವರ್ಷದ ಹಿಂದೆ ಒಂದು ಕಟ್ಟಡದ ಕೆಲಸದಲ್ಲಿ, ಮಗನ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದ ಒಬ್ಬ ಎಂಜಿನಿಯರ್, ಇವರು ಕಟ್ಟಿದ ಗೋಡೆಯನ್ನು ಬೂಟುಗಾಲಿನಿಂದ ಒದ್ದು ಬೀಳಿಸಿದ. ಗೋಡೆ ನೆಟ್ಟಗೇ ಇತ್ತು, ತೂಕದ ಗುಂಡು ಬಿಟ್ಟು ತೋರಿಸುತ್ತೇನೆ ಎಂದರೂ ಕೇಳಲಿಲ್ಲ. ನಕ್ಷೆ ಓದಲು ಬಾರದವನಿಗೆ ಬಾಯಿ ಯಾಕೆ ಎಂದ. ಕೂಲಿಯವರೆಲ್ಲ ನೋಡುತ್ತಿದ್ದರು. “ಅವತ್ತೇ ಅಂದ್ಕೊಂಡೆ ಸ್ವಾಮಿ, ನನ್ನ ಮಗ ನಕ್ಷೆ ಓದೋನಾಗ್ಬೇಕು ಅಂತ. ಅವನು ಆಗ ಇನ್ನೂ ತೊಟ್ಟಿಲಲ್ಲಿದ್ದ.”

ಮಗ ಈ ಕಥೆಯನ್ನು ಮೊದಲ ಸಲ ಕೇಳುತ್ತಿದ್ದ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಹದಿನೇಳು ವರ್ಷ ಆ ಮನೆಯಲ್ಲಿ ಎಲ್ಲವನ್ನೂ ನಡೆಸಿದ್ದು ಆ ಒಂದು ಒದೆತ. ಅದನ್ನು ಹೆಂಡತಿಗೂ ಅವರು ಹೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮೇಸ್ತ್ರಿ ಕೇಳಿದರು. “ಆ ಮಾತಲ್ಲಿ ‘ಬೆಂಟ್’ ಅಂತ ಇದೆಯಲ್ಲ ಸ್ವಾಮಿ, ನಾವು ಕಂಬಿ ಬೆಂಡ್ ಮಾಡ್ತೀವಲ್ಲ, ಅದೇನಾ?”

ಅದೇ ಎಂದೆ.

“ಬೆಂಡ್ ಮಾಡಿದ ಕಂಬೀನ ವಾಪಸ್ ನೆಟ್ಟಗೆ ಮಾಡಿದ್ರೆ ಆ ಜಾಗದಲ್ಲಿ ಶಕ್ತಿ ಹೋಗತ್ತೆ. ಅದಕ್ಕೇ ಮೊದಲೇ ಅಳತೆ ನೋಡಿ ಬೆಂಡ್ ಮಾಡ್ಬೇಕು” ಎಂದರು. ಆಮೇಲೆ ಮಗನ ಕಡೆ ತಿರುಗಿದರು. “ಇದರಲ್ಲಿ ಬೆಂಡ್ ಆಗಿರೋದು ಯಾರು, ನಾನಾ, ನೀನಾ?”

ಹುಡುಗ ಉತ್ತರ ಹೇಳಲಿಲ್ಲ. ಅಳು ಬಂತು. ಒಳಗಿದ್ದ ತಾಯಿ ಬಾಗಿಲ ತನಕ ಬಂದು, ನಮ್ಮನ್ನು ನೋಡಿ, ಮತ್ತೆ ಒಳಗೆ ಹೋದರು. ಏನು ಓದಬೇಕೂಂತಿದ್ದೀಯ ಎಂದು ತಂದೆ ಕೇಳಿದರು. ಇತಿಹಾಸ ಓದಿ ಮೇಷ್ಟ್ರಾಗ್ತೀನಿ ಎಂದ. ಮೇಷ್ಟ್ರ ಕೆಲಸಕ್ಕೆ ಎಷ್ಟು ವರ್ಷ ಕಾಯಬೇಕು ಗೊತ್ತಾ ಎಂದು ತಂದೆ ಕೇಳಿದರು. ಗೊತ್ತು ಎಂದ. ಪಿ.ಯು.ಸಿ. ಮುಗಿಸು, ಭೌತಶಾಸ್ತ್ರ ಪಾಸ್ ಮಾಡು, ಆಮೇಲೆ ನೋಡೋಣ ಎಂದರು. ಮೇಸ್ತ್ರಿ ಪೂರ್ತಿ ಒಪ್ಪಿದ್ದಾರೆ ಎಂದು ನಾನು ಹೇಳಲಾರೆ. ಸಿ.ಇ.ಟಿ. ಬರೆಯುವುದೋ ಬೇಡವೋ ಎಂಬ ಚರ್ಚೆ ಆ ಮನೆಯಲ್ಲಿ ಈಗಲೂ ನಡೆಯುತ್ತಿದೆ. ಚರ್ಚೆ ಎಂಬುದು ನಡೆಯುತ್ತಿದೆ, ಅದು ಮೊದಲು ಇರಲಿಲ್ಲ. ಇದನ್ನೆಲ್ಲ ಬರೆಯಬಹುದೇ ಎಂದು ಇಬ್ಬರನ್ನೂ ಕೇಳಿದ್ದೇನೆ. ಹೆಸರು, ಊರು ಬೇಡ ಎಂದರು.

ಹೊರಡುವಾಗ ಮೇಸ್ತ್ರಿ ಆ ಪುಸ್ತಕ ತರಿಸಿದರು. ಆ ಪುಟ ತೆಗೆದು ಕೆಂಪು ಗುರುತಿನ ಮೇಲೆ ಎಣ್ಣೆಯ ಬೆರಳಿಟ್ಟರು. “ಇದು ರೈಟ್ ಗುರುತಲ್ವಾ ಸ್ವಾಮಿ?”

“ಹೌದು, ಮೇಸ್ತ್ರಿ.”

“ಸರಿಯಾಗೇ ಬರೆದಿದ್ದಾನೆ ಅಂತ ತಾನೆ?”

“ಹೌದು.”

“ಹಂಗಾದ್ರೆ ಅದು ಹಂಗೇ ಇರಲಿ ಬಿಡಿ” ಎಂದು ಪುಸ್ತಕವನ್ನು ಮಗನ ಕೈಗೆ ಕೊಟ್ಟರು.